ನಲವತ್ತು ದಾಟದ ಸಜ್ಜನ

"ಅವ್ವಾ, ನನಗೆ ಸಿಟ್ಟು ಬಂದು ಹನ್ನೊಂದು ತಿಂಗಳಾಯಿತು. ಇನ್ನಾದರೂ ನನಗೆ ದೀಕ್ಷೆ ಕೊಡಬಹುದಲ್ಲವೆ?" ಎಂದು ಶಿಷ್ಯ ಕೇಳಿದ.

ಕೇಳಿದವನ ಹೆಸರು ಗುರುಸಿದ್ಧ. ಮಠಕ್ಕೆ ಬರುವ ಮೊದಲು ಇಪ್ಪತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಚಿಲ್ಲರೆ ಕೇಳಿದವರ ಮೇಲೂ ರೇಗಿ, ಚಿಲ್ಲರೆ ಕೊಡದವರ ಮೇಲೂ ರೇಗಿ ಗಂಟಲು ಕೆಡಿಸಿಕೊಂಡಿದ್ದ. ಮಠದಲ್ಲಿ ಅವನಿಗೆ ಪುಸ್ತಕದ ಕೋಣೆ ನೋಡಿಕೊಳ್ಳುವ ಕೆಲಸ. ಆ ಕೋಣೆಗೆ ವಾರಕ್ಕೊಬ್ಬರು ಬಂದರೆ ಹೆಚ್ಚು. ಬಂದವರೂ ಫ್ಯಾನಿನ ಕೆಳಗೆ ಒಂದು ನಿದ್ದೆ ತೆಗೆದು ಹೋಗುತ್ತಿದ್ದರು.

ಮಠದ ಹಿರಿಯರನ್ನು ಎಲ್ಲರೂ ಅವ್ವ ಎಂದೇ ಕರೆಯುತ್ತಿದ್ದರು. ಕಾವಿ ಉಡುವ ಮೊದಲು ಅವರು ಲಾರಿ, ರೈಲು, ದೋಣಿ, ಸಿಕ್ಕಿದ್ದನ್ನು ಹತ್ತಿ ದೇಶವೆಲ್ಲ ಸುತ್ತಿದವರು. ಹಾಗಾಗಿ ಅವರ ಕತೆಗಳಲ್ಲಿ ದೇವಸ್ಥಾನಗಳಿಗಿಂತ ಗ್ಯಾರೇಜುಗಳೇ ಹೆಚ್ಚು. ಅವ್ವ ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. "ಕೂತುಕೊ" ಎಂದರು. ಗುರುಸಿದ್ಧ ಕೂತ. ಅವ್ವ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿಯಿದ್ದ. ಅಂಗಡಿಯಲ್ಲಿ ಅವನಷ್ಟು ನಯವಾದ ಮನುಷ್ಯ ಇನ್ನೊಬ್ಬನಿಲ್ಲ. ಹತ್ತು ಕೊಳಗ ಇಳಿಸಿ ನೋಡಿ ಕೊನೆಗೆ ಒಂದು ಚಮಚ ಕೊಂಡವರಿಗೂ ಕೈ ಮುಗಿದು ಕಳಿಸುತ್ತಿದ್ದ. ಆದರೆ ಅವನಿಗೊಂದು ಪುಟ್ಟ ಕಾರಿತ್ತು. ಅದರ ಸ್ಟೀರಿಂಗ್ ಹಿಡಿದನೆಂದರೆ ಅವನು ಬೇರೆಯೇ ಮನುಷ್ಯ. ಆಟೋದವನ ಅಪ್ಪನಿಂದ ಹಿಡಿದು ಎಮ್ಮೆಯ ಅಜ್ಜಿಯವರೆಗೆ ಯಾರನ್ನೂ ಬಿಡದೆ ಬೈಯುತ್ತಿದ್ದ.

ಅವನ ಹೆಂಡತಿ ಹದಿನಾಲ್ಕು ವರ್ಷ ಪಕ್ಕದ ಸೀಟಿನಲ್ಲಿ ಕೂತು ಇದನ್ನು ಕೇಳಿದಳು. ಒಂದು ದಿನ ಸಿಗ್ನಲ್ಲಿನಲ್ಲಿ ಮುಂದೆ ಒಂದು ಸ್ಕೂಟರ್ ನಿಂತಿತ್ತು. ಹಸಿರು ದೀಪ ಬಂದರೂ ಹೊರಡಲಿಲ್ಲ. ವ್ಯಾಪಾರಿ ಗಾಜು ಇಳಿಸಿ ಬಾಯಿಗೆ ಬಂದದ್ದನ್ನೆಲ್ಲ ಬೈದ. ಸ್ಕೂಟರಿನವರು ಹೆಲ್ಮೆಟ್ ತೆಗೆದು ಹಿಂತಿರುಗಿದರು. ನೋಡಿದರೆ ಹೆಂಡತಿಯ ಸೋದರಮಾವ. ಅವಳು ಅಲ್ಲೇ ಬಾಗಿಲು ತೆಗೆದು ಇಳಿದಳು.

"ಇನ್ನು ಈ ಕಾರಿಗೆ ನಾನು ಹತ್ತಿದರೆ ಕೇಳಿ" ಎಂದಳು.

ಅಂದಿನಿಂದ ಎಲ್ಲಿಗೇ ಹೋಗಲಿ, ಅವನು ಕಾರಿನಲ್ಲಿ, ಅವಳು ಬಸ್ಸಿನಲ್ಲಿ. ಒಂದೇ ಮದುವೆಗೆ ಹೋಗಿ, ಒಂದೇ ಸಾಲಿನಲ್ಲಿ ಕೂತು ಉಂಡು, ಬೇರೆ ಬೇರೆಯಾಗಿ ಮನೆಗೆ ಬರುತ್ತಿದ್ದರು. ಖಾಲಿ ಸೀಟಿನ ಕಡೆ ನೋಡಿದಾಗಲೆಲ್ಲ ವ್ಯಾಪಾರಿಗೆ ಸಂಕಟವಾಗುತ್ತಿತ್ತು. ಅವಳು ಬಂದು ಅಲ್ಲಿ ಕೂರಬೇಕು, ಅವನಿಗೆ ಬೇಕಾಗಿದ್ದು ಅದೊಂದೇ. ಆದರೆ ಆ ಸಂಕಟವೂ ಅವನ ಬಾಯಿಂದ ಬೈಗುಳವಾಗಿಯೇ ಹೊರಗೆ ಬರುತ್ತಿತ್ತು.

ಹೀಗಿರುವಾಗ ಒಂದು ದಿನ ಮಿನಿ ಬಸ್ಸೊಂದು ಅವನನ್ನು ಹಿಂದೆ ಹಾಕಿ ಹೋಯಿತು. ಅದನ್ನು ಅಟ್ಟಿಸಿಕೊಂಡು ಹೋದವನು ಕಾರನ್ನು ಗುಂಡಿಗೆ ಇಳಿಸಿದ. ಎರಡು ಚಕ್ರ ಸೊಟ್ಟಗಾದವು. ಇನ್ನೆರಡು ಮೊದಲೇ ಸೊಟ್ಟಗಿದ್ದವು. ಅವೂ ಹೀಗೆ ಯಾರನ್ನೋ ಅಟ್ಟಿಸಿಕೊಂಡು ಹೋದಾಗಲೇ ಆದದ್ದು.

ಮೆಕ್ಯಾನಿಕ್ ಬಗ್ಗಿ ನೋಡಿದ. "ನಾಲ್ಕೂ ಬದಲಾಯಿಸಬೇಕು ಸಾಹುಕಾರ್ರೆ. ಇದೇ ಗಾಡೀದೇ ಆಗಬೇಕು. ಹೊರಗಿನ ಅಳತೆ ಒಂದೇ ನೋಡಿದ್ರೆ ಆಗಲ್ಲ. ಬೋಲ್ಟಿನ ತೂತು ಕೂರಬೇಕು, ನಡುವಿನ ತೂತು ಕೂರಬೇಕು, ಚಕ್ರ ಒಳಗೆ ಎಷ್ಟು ಹೋಗುತ್ತೆ, ಹೊರಗೆ ಎಷ್ಟು ಚಾಚುತ್ತೆ, ಅದೂ ಸರಿ ಇರಬೇಕು. ನಾನೇ ತರಿಸ್ಲಾ?"

ವ್ಯಾಪಾರಿಗೆ ಮೈ ಉರಿಯಿತು. "ಮೂವತ್ತು ವರ್ಷದಿಂದ ಪಾತ್ರೆಗೆ ಮುಚ್ಚಳ ಕೂರಿಸ್ತಾ ಇದೀನಿ. ಯಾವ ದುಂಡಗಿರೋದು ಯಾವುದಕ್ಕೆ ಕೂರುತ್ತೆ ಅಂತ ನೀನು ನನಗೆ ಪಾಠ ಹೇಳ್ತೀಯಾ?" ಎಂದು ಹೇಳಿ, ತಾನೇ ಗುಜರಿ ಬಜಾರಿಗೆ ಹೋದ.

ಅಲ್ಲಿ ಬೇರೊಂದು ಜಾತಿಯ ಕಾರಿನಿಂದ ಬಿಚ್ಚಿದ ನಾಲ್ಕು ಅಲಾಯ್ ಚಕ್ರಗಳು ಕಂಡವು. ಬೆಳ್ಳಿ ತಟ್ಟೆಯ ಹೊಳಪು. ವ್ಯಾಪಾರಿ ಕೊಳಗವನ್ನು ನೋಡುವಂತೆಯೇ ಅವನ್ನು ನೋಡಿದ. ಬೆರಳ ಗೆಣ್ಣಿನಿಂದ ತಟ್ಟಿದ, ಠಣ್ ಎಂದಿತು. ಅಂಚಿನ ಮೇಲೆ ಬೆರಳಾಡಿಸಿದ, ಎಲ್ಲೂ ತಗ್ಗಿಲ್ಲ. ಟೈರಿನ ಅಳತೆ ಸರಿಯಿತ್ತು. ಬೋಲ್ಟಿನ ತೂತು ನಾಲ್ಕೇ ಇದ್ದವು. ದಾರ ಹಿಡಿದು ಅವುಗಳ ನಡುವಿನ ದೂರ ಅಳೆದ, ಅದೂ ಸರಿಯಿತ್ತು. ಮಧ್ಯದ ದೊಡ್ಡ ತೂತನ್ನು ಮಾತ್ರ ಅಳೆಯಲಿಲ್ಲ. ಅವನ ವ್ಯಾಪಾರದಲ್ಲಿ ಅಂಚು ಕೂತರೆ ಮುಚ್ಚಳ ಕೂತಂತೆ. ಮುಚ್ಚಳದ ಮಧ್ಯೆ ಇರುವುದು ಹಿಡಿ. ಹಿಡಿಯನ್ನು ಯಾರು ಅಳೆಯುತ್ತಾರೆ?

ಹಳೆಯ ಮೆಕ್ಯಾನಿಕ್ಕನ ಮುಖ ನೋಡಬಾರದೆಂದು ಬೇರೆ ಕಡೆ ಹಾಕಿಸಿಕೊಂಡು ಹೊರಟ. ಇಪ್ಪತ್ತರ ವೇಗದಲ್ಲಿ ಸುಖವಾಗಿತ್ತು. ಮೂವತ್ತರಲ್ಲೂ ಸುಖವಾಗಿತ್ತು. ನಲವತ್ತು ದಾಟಿತು ನೋಡಿ, ಸ್ಟೀರಿಂಗ್ ನಡುಗಿತು, ಸೀಟು ನಡುಗಿತು, ಹೊಸದಾಗಿ ಕಟ್ಟಿಸಿಕೊಂಡಿದ್ದ ಎರಡು ಹಲ್ಲೂ ನಡುಗಿದವು. ಅಡ್ಡ ಬಂದ ಆಟೋದವನನ್ನು ಬೈಯಲು ಬಾಯಿ ತೆರೆದರೆ ಬೈಗುಳ ಚೂರುಚೂರಾಗಿ ಉದುರಿತು.

"ಏನಣ್ಣಾ, ಚಳಿಜ್ವರಾನಾ?" ಎಂದು ಆಟೋದವನು ಮರುಕದಿಂದ ಕೇಳಿದ.

ವ್ಯಾಪಾರಿ ಕಾಲು ಸಡಿಲಿಸಿದ. ವೇಗ ಮೂವತ್ತೆಂಟಕ್ಕೆ ಇಳಿಯಿತು. ಎಲ್ಲವೂ ಶಾಂತವಾಯಿತು.

ಮೆಕ್ಯಾನಿಕ್ಕನ ಹತ್ತಿರ ಹೋಗಬಹುದಿತ್ತು. ಹೋದರೆ ಮುಚ್ಚಳದ ಮಾತನ್ನು ವಾಪಸು ನುಂಗಬೇಕು. ಅದಕ್ಕಿಂತ ನಲವತ್ತರ ಒಳಗೆ ಬದುಕುವುದೇ ವಾಸಿ ಎನಿಸಿತು.

ಅಂದಿನಿಂದ ಅವನು ನಿಧಾನಸ್ಥನಾದ. ಎತ್ತಿನ ಗಾಡಿಗೆ ದಾರಿ ಬಿಟ್ಟ. ಶಾಲೆಯ ಮಕ್ಕಳೆಲ್ಲ ರಸ್ತೆ ದಾಟುವವರೆಗೆ ನಿಂತ. ಎಲ್ಲರೂ ದಾಟಿದ ಮೇಲೆ ಒಬ್ಬ ಮೇಷ್ಟರು ಮೊಬೈಲ್ ನೋಡುತ್ತ ಬಂದರೆ ಅವರಿಗೂ ನಿಂತ. ಹಿಂದಿನವರು ಹಾರ್ನ್ ಹೊಡೆದರೆ ಕೈ ಹೊರಗೆ ಹಾಕಿ, "ಹೋಗಪ್ಪಾ, ನೀನು ಹೋಗು" ಎಂದ. ಬೈಯುವುದಕ್ಕೆ ಯಾರನ್ನಾದರೂ ಅಟ್ಟಿಸಿಕೊಂಡು ಹೋಗಬೇಕು. ಅಟ್ಟಿಸಿಕೊಂಡು ಹೋಗುವುದಕ್ಕೆ ನಲವತ್ತು ದಾಟಬೇಕು.

"ಏನು ಸಾಹುಕಾರ್ರೆ, ಈಚೆಗೆ ಇಷ್ಟು ನಿಧಾನ?" ಎಂದು ಪಕ್ಕದ ಬಟ್ಟೆ ಅಂಗಡಿಯವನು ಕೇಳಿದ.

ಚಕ್ರ ನಡುಗುತ್ತದೆ ಎನ್ನಲು ನಾಚಿಕೆಯಾಯಿತು. "ಅವಸರ ಮಾಡಿಕೊಂಡು ಎಲ್ಲಿಗೆ ಹೋಗೋದಿದೆ ಹೇಳಿ" ಎಂದುಬಿಟ್ಟ.

ಬಟ್ಟೆ ಅಂಗಡಿಯವನು ಅರ್ಧ ದಿನ ಅದನ್ನೇ ಯೋಚಿಸಿದ. ಸಂಜೆ ಇನ್ನೊಬ್ಬನಿಗೆ ಹೇಳಿದ. ಮಾತು ಊರೆಲ್ಲ ಹಬ್ಬಿತು. ಅಣ್ಣತಮ್ಮಂದಿರ ಜಗಳಕ್ಕೆ ನಡುವೆ ಕೂರಲು ವ್ಯಾಪಾರಿಯನ್ನು ಕರೆದರು. ಒಂದು ಸಂಘದವರು ತಾಳ್ಮೆಯ ಮೇಲೆ ಭಾಷಣ ಮಾಡಿಸಿ ಶಾಲು ಹೊದಿಸಿದರು. ಭಾಷಣ ಚೆನ್ನಾಗಿಯೇ ಆಯಿತು. ಮೊದಲ ತಿಂಗಳು ವ್ಯಾಪಾರಿಗೆ ಒಳಗೊಳಗೇ ನಗು ಬರುತ್ತಿತ್ತು. ಎರಡನೆಯ ತಿಂಗಳು ನಗು ನಿಂತಿತು. ಮೂರನೆಯ ತಿಂಗಳು ಅವನೂ ನಂಬಿದ.

ಹೆಂಡತಿ ಮಾತ್ರ ಅಷ್ಟು ಸುಲಭಕ್ಕೆ ನಂಬುವವಳಲ್ಲ. ಬಸ್ ಸ್ಟಾಪಿನಲ್ಲಿ ನಿಂತು ದಿನವೂ ಗಮನಿಸಿದಳು. ಒಂದು ದಿನ ಟ್ರ್ಯಾಕ್ಟರ್ ಅಡ್ಡ ಬಂತು. ಗಂಡ ನಿಂತ, ಕೈ ಬೀಸಿದ, ಹೋದ. ಇನ್ನೊಂದು ದಿನ ಎಮ್ಮೆ ಅಡ್ಡ ಬಂತು. ಅದಕ್ಕೂ ಕೈ ಬೀಸಿದ. ಮಾರನೆಯ ಬೆಳಿಗ್ಗೆ ಅವನು ಕಾರು ಶುರು ಮಾಡುತ್ತಿದ್ದಾಗ ಪಕ್ಕದ ಬಾಗಿಲು ತೆರೆಯಿತು. ಅವಳು ಬಂದು ಕೂತು, ಬೆಲ್ಟ್ ಎಳೆದು ಹಾಕಿಕೊಂಡಳು.

"ಏನೂ ಮಾತಾಡಬೇಡಿ. ನಡೀರಿ" ಎಂದಳು.

ವ್ಯಾಪಾರಿ ಕಾರು ಹೊರಡಿಸಿದ. ಕಣ್ಣು ಮಂಜಾಗಿ ರಸ್ತೆ ಸರಿಯಾಗಿ ಕಾಣುತ್ತಿರಲಿಲ್ಲ. ಅವತ್ತು ಅವನು ಇಪ್ಪತ್ತನ್ನೂ ದಾಟಲಿಲ್ಲ.

ಕೆಲವು ದಿನಗಳ ಮೇಲೆ ಹೆಂಡತಿಯ ತಂಗಿಯ ಮನೆಯಲ್ಲಿ ಗೃಹಪ್ರವೇಶ ಬಂತು. ನೂರು ಕಿಲೋಮೀಟರ್ ದಾರಿ. ದೂರದ ಪ್ರಯಾಣವೆಂದು ಅವಳೇ ಹಿಂದಿನ ದಿನ ಹಳೆಯ ಮೆಕ್ಯಾನಿಕ್ಕನನ್ನು ಮನೆಗೆ ಕರೆಸಿ, "ಗಾಡಿ ಒಂದ್ಸಲ ನೋಡಪ್ಪಾ" ಎಂದಳು. ವ್ಯಾಪಾರಿ ಆಗ ಅಂಗಡಿಯಲ್ಲಿದ್ದ. ಈಚೆಗೆ ಅಂಗಡಿಗೆ ನಡೆದೇ ಹೋಗುತ್ತಿದ್ದ, ಕಾರಿಗಿಂತ ಬೇಗ ತಲುಪುತ್ತಿದ್ದ.

ಮೆಕ್ಯಾನಿಕ್ ಚಕ್ರ ಬಿಚ್ಚಿದ. ಮಧ್ಯದ ತೂತು ಅಚ್ಚಿನ ಮೂತಿಗಿಂತ ಅಗಲವಾಗಿತ್ತು. ಚಕ್ರ ಅಚ್ಚಿನ ಮೇಲೆ ಕೂತೇ ಇರಲಿಲ್ಲ, ನಾಲ್ಕು ಬೋಲ್ಟಿಗೆ ಜೋತುಬಿದ್ದಿತ್ತು. ಅವನು ಗ್ಯಾರೇಜಿಗೆ ಹೋಗಿ ಸರಿಯಾದ ಅಳತೆಯ ನಾಲ್ಕು ರಿಂಗು ತಂದ. ಒಂದೊಂದು ಚಕ್ರದ ಮಧ್ಯದ ತೂತಿಗೆ ಒಂದೊಂದು ಕೂರಿಸಿ, ಚಕ್ರ ಬಿಗಿದು, "ಇನ್ನು ನೂರರಲ್ಲಿ ಹೋದ್ರೂ ಅಲುಗಲ್ಲ ಅಮ್ಮಾ" ಎಂದು ಹೇಳಿ ಹೋದ. ಅವಳು ಅದನ್ನು ಅಷ್ಟಾಗಿ ತಲೆಗೆ ಹಚ್ಚಿಕೊಳ್ಳಲಿಲ್ಲ. ಸೀರೆ ಮಡಿಸಿಡುವ ಗಡಿಬಿಡಿಯಲ್ಲಿದ್ದಳು.

ಮರುದಿನ ಹೆದ್ದಾರಿ. ನಲವತ್ತು ಬಂದಾಗ ವ್ಯಾಪಾರಿಯ ಕಾಲು ತಾನಾಗಿಯೇ ಹಿಂದೆ ಸರಿಯಿತು. ಆದರೆ ಏನೂ ನಡುಗಲಿಲ್ಲ. ಐವತ್ತಕ್ಕೆ ಹೋದ. ಸ್ಟೀರಿಂಗ್ ಬೆಣ್ಣೆಯ ಹಾಗಿತ್ತು. ತನ್ನ ಒಳ್ಳೆಯತನಕ್ಕೆ ಚಕ್ರವೂ ಮಣಿಯಿತೆಂದುಕೊಂಡ. ಅರವತ್ತಾಯಿತು, ಎಂಬತ್ತಾಯಿತು. ಹೆಂಡತಿ ಕಿಟಕಿಯ ಗಾಳಿಗೆ ಮುಖವೊಡ್ಡಿ ಕೂತಿದ್ದಳು.

ಆಗ ಒಂದು ಬಿಳಿ ಜೀಪು ಸೂಚನೆಯಿಲ್ಲದೆ ಅಡ್ಡ ಬಂದು, ಮುಂದೆ ನುಗ್ಗಿ ಹೋಯಿತು.

ವ್ಯಾಪಾರಿಯ ಬಾಯಿ ತೆರೆಯಿತು. ಮೂರು ತಿಂಗಳಿಂದ ಒಳಗೆ ಕೂಡಿದ್ದದ್ದೆಲ್ಲ ಒಂದೇ ಉಸಿರಿಗೆ ಹೊರಬಂತು. ಈ ಸಲ ಒಂದಕ್ಷರವೂ ಚೂರಾಗಲಿಲ್ಲ. ಜೀಪಿನವನ ಮುತ್ತಜ್ಜನಿಂದ ಶುರು ಮಾಡಿ, ಅವನಿಗೆ ಲೈಸೆನ್ಸ್ ಕೊಟ್ಟವನನ್ನೂ ಸೇರಿಸಿ, ಜೀಪು ಕಣ್ಮರೆಯಾದ ಮೇಲೂ ಅರ್ಧ ಕಿಲೋಮೀಟರ್ ಬೈದ. ಆಮೇಲೆ ಪಕ್ಕಕ್ಕೆ ನೋಡಿದ. ಹೆಂಡತಿ ನೆಟ್ಟಗೆ ಮುಂದೆ ನೋಡುತ್ತಿದ್ದಳು.

"ನಿಲ್ಲಿಸಿ" ಎಂದಳು.

ನಿಲ್ಲಿಸಿದ.

"ನಿನ್ನೆವರೆಗೂ ಯಾಕ್ರೀ ನಿಧಾನ ಹೋಗ್ತಿದ್ರಿ?"

ಮೂರು ತಿಂಗಳು ಊರಿಗೆಲ್ಲ ಹೇಳಿದ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಇವಳ ಮುಂದೆ ಅದು ಹೊರಡಲಿಲ್ಲ. "ನಲವತ್ತು ದಾಟಿದ್ರೆ ಚಕ್ರ ನಡುಗ್ತಿತ್ತು ಕಣೇ" ಎಂದ.

ಅವಳು ಬೆಲ್ಟ್ ಬಿಚ್ಚಿದಳು. "ಹಂಗಾದ್ರೆ ಇಷ್ಟು ದಿನ ನಾನು ಸಂಸಾರ ಮಾಡಿದ್ದು ಚಕ್ರದ ಜೊತೆ" ಎಂದಳು. ಇಳಿದಳು. ಸೀರೆಯ ಚೀಲ ತೆಗೆದುಕೊಂಡು, ಹಿಂದಿನಿಂದ ಬರುತ್ತಿದ್ದ ಬಸ್ಸಿಗೆ ಕೈ ತೋರಿಸಿದಳು.

ಮಾರನೆಯ ದಿನ ವ್ಯಾಪಾರಿ ಗ್ಯಾರೇಜಿನ ಮುಂದೆ ನಿಂತಿದ್ದ. ಚಕ್ರಕ್ಕೆ ರಿಂಗು ಹಾಕಿದ್ದು ಮೆಕ್ಯಾನಿಕ್ಕನ ಬಾಯಿಂದ ತಿಳಿಯಿತು. ಮುಚ್ಚಳದ ಮಾತನ್ನು ತಾನಾಗಿಯೇ ನುಂಗಿದ. "ತಪ್ಪಾಯ್ತಪ್ಪಾ. ಆ ರಿಂಗು ತೆಗೆದುಬಿಡು. ಮೊದಲಿನ ಹಾಗೇ ನಡುಗಲಿ" ಎಂದು ಬೇಡಿಕೊಂಡ.

"ತೆಗೆದ್ರೆ ಬೋಲ್ಟ್ ಸಡಿಲ ಆಗುತ್ತೆ ಸಾಹುಕಾರ್ರೆ. ಒಂದಿನ ಚಕ್ರ ನಿಮಗಿಂತ ಮುಂಚೆ ಊರು ಸೇರುತ್ತೆ."

"ಹಾಗಾದ್ರೆ ನಾನು ನಿಧಾನ ಹೋಗೋದು ಹ್ಯಾಗಯ್ಯಾ?"

ಮೆಕ್ಯಾನಿಕ್ ಕೈಯ ಗ್ರೀಸ್ ಒರೆಸಿಕೊಳ್ಳುತ್ತ ಅವನನ್ನು ತಲೆಯಿಂದ ಕೆಳಗಿನವರೆಗೆ ನೋಡಿದ. "ಬಲಗಾಲು ಇದೆಯಲ್ಲ ಸಾಹುಕಾರ್ರೆ" ಎಂದ.

ಅವ್ವ ಕತೆ ನಿಲ್ಲಿಸಿದರು. ಗುರುಸಿದ್ಧ ನಕ್ಕೂ ನಕ್ಕೂ ಸುಸ್ತಾಗಿದ್ದ.

"ಆಮೇಲೆ? ಆಯಮ್ಮ ಮತ್ತೆ ಕಾರು ಹತ್ತಿದಳಾ ಅವ್ವಾ?"

"ಇನ್ನೂ ಇಲ್ಲ. ಬಸ್ ಸ್ಟಾಪಿನಲ್ಲಿ ನಿಂತು ನೋಡುತ್ತಿದ್ದಾಳೆ."

ಗುರುಸಿದ್ಧ ಶಲ್ಯದ ಅಂಚಿನಿಂದ ಕಣ್ಣು ಒರೆಸಿಕೊಂಡ. "ಎಂಥ ಮನುಷ್ಯ ನೋಡಿ! ಚಕ್ರ ಮಾಡಿದ್ದನ್ನು ತಾನು ಮಾಡಿದೆ ಅಂದುಕೊಂಡನಲ್ಲ, ಪಾಪ. ಇರಲಿ ಬಿಡಿ. ಈಗ ನನ್ನ ದೀಕ್ಷೆಯ ವಿಷಯ ಏನು ಮಾಡೋಣ ಅವ್ವಾ?"

"ನಾಳೆ ಹುಣ್ಣಿಮೆ, ನಾಲ್ಕು ಸಾವಿರ ಜನ ಬರುತ್ತಾರೆ, ಚಪ್ಪಲಿ ಕಾಯುವ ಕಡೆ ನೀನು ಕೂರು" ಎಂದರು ಅವ್ವ.

ಗುರುಸಿದ್ಧ ಪುಸ್ತಕದ ಕೋಣೆಯ ಬೀಗದ ಕೈಯನ್ನು ಸೊಂಟದಿಂದ ತೆಗೆದು ಅವ್ವನ ಮುಂದಿಟ್ಟ.