ಹೆಪ್ಪು ಕೇಳಲು ಬಂದವಳು

"ಗುರುಗಳೇ, ಇನ್ನು ಔಷಧವಿಲ್ಲ ಎನಿಸಿಕೊಂಡವರಿಗೆ ನಾವು ಏನು ಕೊಡಬೇಕು?" ಎಂದು ಶಿಷ್ಯ ಕೇಳಿದ.

ಗುರುಗಳೇ ಹಾಸಿಗೆ ಹಿಡಿದಿದ್ದರು. ವೈದ್ಯರು ಕೈಚೆಲ್ಲಿ ಹೋಗಿದ್ದರು. ಅಂದಿನಿಂದ ಶಿಷ್ಯ ಗಂಜಿ ಕುಡಿಸುತ್ತಿದ್ದ, ಕಾಲು ಒತ್ತುತ್ತಿದ್ದ, ಆಯಾಸವಾದೀತೆಂದು ಮಾತು ಮಾತ್ರ ಆಡಿಸುತ್ತಿರಲಿಲ್ಲ. ಇವತ್ತು ದುಃಖ ತಡೆಯಲಾರದೆ ಕೇಳಿಬಿಟ್ಟಿದ್ದ.

ಗುರುಗಳು ದಿಂಬಿಗೆ ಒರಗಿಕೊಂಡು ಹೇಳಿದರು:

"ಒಂದು ಊರಿನಲ್ಲಿ ಒಬ್ಬ ಮುದುಕಿಯಿದ್ದಳು. ಕೇರಿಯಲ್ಲಿ ಯಾರ ಮನೆಯ ಮೊಸರು ಕೆಟ್ಟರೂ ಹೆಪ್ಪಿಗೆ ಅವಳ ಬಾಗಿಲಿಗೇ ಬರಬೇಕು. ಹೆಪ್ಪಿನ ಜೊತೆಗೆ ಒಂದಿಷ್ಟು ಬೈಗುಳವೂ ಸಿಗುತ್ತಿತ್ತು. ಹಾಗೆಂದು ಬರುವವರೇನೂ ಕಡಿಮೆಯಾಗಲಿಲ್ಲ.

ಮುದುಕಿಗೆ ವಾಸಿಯಾಗದ ಕಾಯಿಲೆ ಬಂತು. ಕೇರಿಯವರು ಒಳ್ಳೆಯವರೇ. ಎಳನೀರು ತಂದರು, ಕಣ್ಣೀರನ್ನೂ ತಂದರು. ಹೆಪ್ಪು ಮಾತ್ರ ಯಾರೂ ಕೇಳಲಿಲ್ಲ. ಸಾಯುವವಳನ್ನು ಕೇಳುವುದುಂಟೇ ಎಂದು ಆಚೆ ಬೀದಿಯಿಂದ ತರಿಸಿಕೊಂಡರು. ಅಡುಗೆಗೆ ಏನು ಮಾಡಲಿ ಎಂದು ಕೇಳುವುದನ್ನು ಸೊಸೆಯೂ ಬಿಟ್ಟಳು. ಅತ್ತೆಗೆ ತೊಂದರೆ ಆಗಬಾರದಲ್ಲ!

ಮುದುಕಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. 'ಈ ಜೀವ ಯಾಕೆ ಇನ್ನೂ ಇದೆಯೋ' ಎನ್ನುತ್ತಿದ್ದಳು. 'ವಾಸಿಯಾಗುತ್ತೆ, ಸುಮ್ನಿರಮ್ಮ' ಎಂದು ಮಗ ಹೇಳುತ್ತಿದ್ದ. ಪುರಾಣಿಕರೊಬ್ಬರು ಬಂದು ಆತ್ಮಕ್ಕೆ ಸಾವಿಲ್ಲವೆಂದು ಬಹಳ ಹೊತ್ತು ವಿವರಿಸಿದರು. ಆತ್ಮದ ಚಿಂತೆ ಅವಳಿಗಿರಲಿಲ್ಲ. ಉಸಿರಿರುವಾಗಲೇ ತಾನು ಈ ಮನೆಯಲ್ಲಿ ಇಲ್ಲದವಳಾದೆನಲ್ಲ ಎಂಬುದೇ ಅವಳ ಸಂಕಟ.

ಕೇರಿಗೆ ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯೊಬ್ಬಳಿಗೆ ಇದೊಂದೂ ತಿಳಿಯದು. ಹೆಪ್ಪು ಸಿಗುವ ಮನೆ ಎಂದು ಯಾರೋ ಹಿಂದೆಂದೋ ಹೇಳಿದ್ದರು. ಬಟ್ಟಲು ಹಿಡಿದು ಬಂದೇಬಿಟ್ಟಳು. ಸೊಸೆ ಬಾಗಿಲಲ್ಲೇ ತಡೆದು, 'ಒಳಗೆ ಅತ್ತೆ ಹಾಗೆ ಮಲಗಿರುವಾಗ ಹೆಪ್ಪು ಕೇಳೋಕೆ ಬಂದಿದ್ದೀಯಲ್ಲ, ನಾಚಿಕೆ ಆಗಲ್ವಾ?' ಎಂದು ಗದರಿದಳು.

ಒಳಗಿನಿಂದ ದನಿ ಬಂತು. 'ಯಾರೇ ಅದು? ಹೆಪ್ಪಿಗಾ? ಕಳಿಸು ಒಳಗೆ.'

ಸೊಸೆ ಅತ್ತೆಯನ್ನು ಹಿಡಿದು ಕೂರಿಸಿದಳು. ಮುದುಕಿ ಬಟ್ಟಲನ್ನು ಮೂಸಿ ನೋಡಿ ಮುಖ ಸಿಂಡರಿಸಿದಳು. 'ಪಾತ್ರೆ ಹೀಗೆ ತೊಳೆದರೆ ದೇವಲೋಕದಿಂದ ಹೆಪ್ಪು ತಂದರೂ ಮೊಸರು ಲೋಳೆಯೇ ಆಗೋದು. ಹೋಗು, ಬಿಸಿನೀರಲ್ಲಿ ತೊಳ್ಕೊಂಡು ಬಾ.' ತೊಳೆದು ತಂದ ಬಟ್ಟಲಿಗೆ ನಡುಗುವ ಕೈಯಿಂದ ತಾನೇ ಮೊಸರು ಹಾಕಿದಳು. ಅರ್ಧ ಹಾಸಿಗೆಯ ಮೇಲೆ ಚೆಲ್ಲಿತು. 'ನಾಳೆ ಬಂದು ಹೇಗಾಯ್ತು ಅಂತ ಹೇಳಬೇಕು, ತಿಳೀತಾ?' ಎಂದಳು.

ಎಷ್ಟೋ ದಿನದ ಮೇಲೆ ಅತ್ತೆ ಬೈದದ್ದು ಕೇಳಿ ಸೊಸೆಗೆ ಸಂತೋಷದಿಂದ ಅಳು ಬಂತು. ಸಂಜೆ ಪಕ್ಕದಲ್ಲಿ ಬಂದು ಕುಳಿತು, 'ಅತ್ತೆ, ನಾಳೆ ಏನು ಸಾರು ಮಾಡಲಿ?' ಎಂದಳು. ಆಮೇಲೆ ಕೇರಿಯವರೂ ಒಬ್ಬೊಬ್ಬರಾಗಿ ಬಂದರು. ಹೆಪ್ಪಿಗೆ ಬಂದರು, ಮಗುವಿಗೆ ಏನು ಹೆಸರಿಡಲಿ ಎಂದು ಕೇಳಲು ಬಂದರು. ತಂತಮ್ಮ ಅತ್ತೆಯರ ಮೇಲೆ ದೂರು ಹೇಳಲೂ ಬಂದರು.

ಕಾಯಿಲೆ ಹೋಗಲಿಲ್ಲ. ಮುದುಕಿಯೇ ಹೋದಳು. ಹೋಗುವ ಮುಂಚೆ ಸೊಸೆಯ ಕೈ ಹಿಡಿದು, 'ಕೊನೇ ತನಕ ನನ್ನನ್ನ ಬದುಕೋಕೆ ಬಿಟ್ರಲ್ಲ, ನಿಮ್ಮ ಉಪಕಾರ ದೊಡ್ಡದು ಕಣೇ' ಎಂದಳು."

ಶಿಷ್ಯ ಕಣ್ಣೊರೆಸಿಕೊಂಡ. ಗುರುಗಳ ಹೊದಿಕೆ ಸರಿಪಡಿಸಿ, "ಇಷ್ಟು ಮಾತನಾಡಿ ದಣಿದಿದ್ದೀರಿ. ಇನ್ನು ನಾನು ಏನೂ ಕೇಳುವುದಿಲ್ಲ, ಮಲಗಿ" ಎಂದ.

ಗುರುಗಳು ಅವನ ಕೈ ಬಿಡದೆ ನಕ್ಕರು. "ನಾನಿನ್ನೂ ಇದ್ದೇನೆ ಮಗು, ನಾಳೆ ಗಂಜಿಯ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ತಾ."