ಬಲೂನಿನ ನವಿಲು

“ಗುರುಗಳೇ, ನಾನು ಪಾಠ ಹೇಳಿದರೆ ಎಲ್ಲರೂ ತಲೆದೂಗುತ್ತಾರೆ. ಮರುದಿನ ಅದನ್ನೇ ಕೇಳಿದರೆ ಒಬ್ಬರಿಗೂ ಬಂದಿರುವುದಿಲ್ಲ. ತಪ್ಪು ಎಲ್ಲಿದೆ?”

ಹೀಗೆ ಕೇಳಿದ ಶಿಷ್ಯ ಮಠದ ಪಾಠಶಾಲೆಯಲ್ಲಿ ಎರಡು ವರ್ಷದಿಂದ ವ್ಯಾಕರಣ ಹೇಳಿಕೊಡುತ್ತಿದ್ದ. ಮಾತಿನಲ್ಲಿ ಅವನನ್ನು ಮೀರಿಸುವವರು ಅಲ್ಲಿ ಇರಲಿಲ್ಲ. ಗುರುಗಳು ನೇರವಾಗಿ ಉತ್ತರ ಕೊಡಲಿಲ್ಲ. ಕೂರು ಎಂದು ಸನ್ನೆ ಮಾಡಿ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಯಮನೂರಪ್ಪ ಎಂಬ ಬಲೂನು ಕಲಾವಿದನಿದ್ದ. ಉದ್ದುದ್ದ ಬಲೂನುಗಳಿಗೆ ಪಂಪಿನಿಂದ ಗಾಳಿ ತುಂಬಿ, ತಿರುಚಿ, ನಾಯಿ, ಮೊಲ, ಹೂವು, ಕಿರೀಟ ಮಾಡುವುದು ಅವನ ಕಸುಬು. ಮಕ್ಕಳ ಹುಟ್ಟುಹಬ್ಬಕ್ಕೆ, ನಾಮಕರಣಕ್ಕೆ ಜನ ಅವನನ್ನು ಕರೆಸುತ್ತಿದ್ದರು.

ಅವನಿಗೆ ಉಗ್ಗು ಇತ್ತು. ಎಲ್ಲ ಅಕ್ಷರಕ್ಕೂ ಅಲ್ಲ. ಬಕಾರ, ಮಕಾರ ಬಂದರೆ ಸಾಕು, ತುಟಿ ಅಂಟಿಕೊಂಡುಬಿಡುತ್ತಿತ್ತು. ಆರನೆಯ ತರಗತಿಯಲ್ಲಿದ್ದಾಗ ಮೇಷ್ಟರು ಎದ್ದು ನಿಂತು ಪಾಠ ಓದಲು ಹೇಳಿದ್ದರು. ಮೊದಲ ಪದದಲ್ಲೇ ಸಿಕ್ಕಿಕೊಂಡ. ತರಗತಿಗೆ ತರಗತಿಯೇ ನಕ್ಕಿತು. ಆಮೇಲೆ ಅವನು ಹೊರಗಿನವರ ಮುಂದೆ ಬಾಯಿ ಬಿಡುವುದನ್ನೇ ಕಡಿಮೆ ಮಾಡಿದ. ಬಲೂನಿನ ಕೆಲಸ ಅವನಿಗೆ ಒಗ್ಗಿದ್ದೂ ಅದಕ್ಕೇ. ಮಕ್ಕಳು ಏನು ಬೇಕೆಂದು ಕೇಳುತ್ತಿದ್ದರು, ಅವನು ತಲೆ ಆಡಿಸಿ ಮಾಡಿಕೊಡುತ್ತಿದ್ದ. ಮಾತಿನ ಅಗತ್ಯವೇ ಬೀಳುತ್ತಿರಲಿಲ್ಲ.

ಅವನ ಕೈಯ ನವಿಲು ಹೆಸರುವಾಸಿಯಾಗಿತ್ತು. ಹದಿನಾಲ್ಕು ಬಲೂನುಗಳ ನವಿಲು. ಕತ್ತು ಕೊಂಕಿಸಿ, ಗರಿ ಬಿಚ್ಚಿ ನಿಲ್ಲುತ್ತಿತ್ತು. ಯಾರೋ ಅದರ ಫೋಟೊ ತೆಗೆದು ಮೊಬೈಲಿನಲ್ಲಿ ಹರಿಯಬಿಟ್ಟರು. ಬಲೂನಿನ ಕೆಲಸ ಮಾಡುವವರು ಊರಿಗೆ ಒಬ್ಬರೋ ಇಬ್ಬರೋ ಇರುತ್ತಾರೆ. ಅವರಿಗೆ ಕಲಿಸುವ ಶಾಲೆ ಎಲ್ಲಿಯೂ ಇಲ್ಲ. ಅಂಥವರೆಲ್ಲ ಫೋನ್ ಮಾಡಿ, ಈ ನವಿಲನ್ನು ಹೇಗೆ ಮಾಡುತ್ತೀರಿ ಎಂದು ಕೇಳತೊಡಗಿದರು. ಫೋನ್ ಬಂದ ಕೂಡಲೇ ಯಮನೂರಪ್ಪ ಅದನ್ನು ಹೆಂಡತಿ ಹುಲಿಗೆಮ್ಮನ ಕೈಗೆ ಕೊಟ್ಟು ಹಿತ್ತಲಿಗೆ ಹೋಗುತ್ತಿದ್ದ.

ಆ ವರ್ಷ ಅವನು ಬೈಕಿನಿಂದ ಬಿದ್ದ. ಮೊಣಕಾಲಿಗೆ ಪೆಟ್ಟಾಯಿತು. ಹುಟ್ಟುಹಬ್ಬದ ಮನೆಯಲ್ಲಿ ಮೂರು ನಾಲ್ಕು ಗಂಟೆ ನಿಂತು ಕೆಲಸ ಮಾಡುವುದು ಆಗದ ಮಾತಾಯಿತು. ಕರೆ ಬಂದರೂ ಒಪ್ಪಿಕೊಳ್ಳುವಂತಿರಲಿಲ್ಲ.

ಹುಲಿಗೆಮ್ಮ ಹೇಳಿದಳು: “ಇಷ್ಟು ಜನ ಕೇಳುತ್ತಿದ್ದಾರಲ್ಲ, ನವಿಲು ಮಾಡುವುದನ್ನು ವಿಡಿಯೊ ಮಾಡಿ ಮಾರೋಣ. ನೀವು ಕೂತಲ್ಲೇ ಮಾಡಬಹುದು. ಕಳಿಸುವುದು, ಮಾತಾಡುವುದು ನನಗಿರಲಿ.”

ಮೇಜಿನ ಮೇಲೆ ಮೊಬೈಲನ್ನು ಕೋಲಿಗೆ ಕಟ್ಟಿ ನಿಲ್ಲಿಸಿದರು. ಕೈಗಳು ಚೆನ್ನಾಗಿ ಕಂಡವು. ಕಷ್ಟ ಬಂದದ್ದು ಧ್ವನಿಗೆ. ಹೇಳಬೇಕಾದ ಮೊದಲ ಪದವೇ ‘ಬಲೂನು’. ಆಮೇಲೆ ‘ಬಿಗಿ ಹಿಡಿಯಿರಿ’, ‘ಮಡಚಿ’, ‘ಮತ್ತೊಂದು’, ‘ಬಾಲ’. ಕಸುಬಿನ ಪದಗಳೆಲ್ಲ ಅವನಿಗೆ ಶತ್ರುಗಳಾಗಿದ್ದವು. ಹನ್ನೊಂದು ಸಲ ಹೇಳಿ ಹನ್ನೊಂದು ಸಲವೂ ಅಳಿಸಿದ. ಅಂಗಿ ಬೆವರಿನಲ್ಲಿ ತೊಯ್ದುಹೋಯಿತು. ಕೊನೆಗೆ, “ಇದು ನನ್ನಿಂದ ಆಗುವುದಿಲ್ಲ” ಎಂದು ಎದ್ದ.

ಅದೇ ಓಣಿಯಲ್ಲಿ ವಿದ್ಯಾಧರ ಎಂಬ ನಿರೂಪಕನಿದ್ದ. ಮದುವೆ ಆರತಕ್ಷತೆಗಳಲ್ಲಿ, ಆರ್ಕೆಸ್ಟ್ರಾಗಳಲ್ಲಿ ಮೈಕು ಹಿಡಿದು ಮಾತಾಡುವುದು ಅವನ ಕೆಲಸ. ಅವನು ಒಳ್ಳೆಯ ಮನುಷ್ಯ. ಹುಲಿಗೆಮ್ಮ ಕೇಳಿದ ಕೂಡಲೇ ಒಪ್ಪಿಕೊಂಡ. ಕೈಗಳ ವಿಡಿಯೊ ನೋಡುತ್ತ, ಯಮನೂರಪ್ಪ ಬರೆದುಕೊಟ್ಟದ್ದನ್ನು ಓದಿದ. ಎಲ್ಲಿಯೂ ತಡೆಯಲಿಲ್ಲ, ತೊದಲಲಿಲ್ಲ. ಯಮನೂರಪ್ಪ ಕೇಳಿ ಬೆರಗಾದ. ತನ್ನ ಕೆಲಸಕ್ಕೆ ಇಂಥ ಮಾತು ಸಿಕ್ಕಿತಲ್ಲ ಎಂದು ಅವನಿಗೆ ಹೆಮ್ಮೆಯೂ ಆಯಿತು, ಎದೆಯೊಳಗೆ ಸಣ್ಣ ನೋವೂ ಆಯಿತು.

ವಿಡಿಯೊವನ್ನು ಮೂವತ್ತು ಮಂದಿ ಕೊಂಡರು. ‘ಎಂಥ ಧ್ವನಿ!’ ಎಂದು ಹೊಗಳಿ ಬರೆದರು. ಆದರೆ ತಾವು ಮಾಡಿದ ನವಿಲಿನ ಫೋಟೊವನ್ನು ಒಬ್ಬರೂ ಕಳಿಸಲಿಲ್ಲ. ಎರಡನೆಯ ವಾರದಿಂದ ದೂರುಗಳು ಬಂದವು. ಕತ್ತು ಬಿಚ್ಚಿಹೋಗುತ್ತದೆ ಎಂದು ಒಬ್ಬರು, ಗರಿಯ ಹತ್ತಿರ ಬರುವಷ್ಟರಲ್ಲಿ ಮೈ ಸಡಿಲವಾಗುತ್ತದೆ ಎಂದು ಇನ್ನೊಬ್ಬರು. ಕೆಲವರು, ನಮ್ಮ ಕೈಯಲ್ಲೇ ಏನೋ ದೋಷವಿದೆ ಎಂದು ಬರೆದರು. ಯಮನೂರಪ್ಪ ವಿಡಿಯೊವನ್ನು ಮತ್ತೆ ಮತ್ತೆ ನೋಡಿದ. ಒಂದು ತಿರುವೂ ಬಿಟ್ಟುಹೋಗಿರಲಿಲ್ಲ. ಹೇಳಿದ್ದೆಲ್ಲ ಸರಿಯಾಗಿತ್ತು. ಎಲ್ಲಿ ಕೆಟ್ಟಿತು ಎಂಬುದು ಅವನಿಗೆ ತಿಳಿಯಲಿಲ್ಲ. ಅವರು ದುಡ್ಡು ಕೊಟ್ಟು ಕೊಂಡದ್ದು ಸುಳ್ಳು ಪಾಠವೇ ಎಂದು ಯೋಚಿಸಿ ಊಟ ರುಚಿಸದಾಯಿತು.

ಒಂದು ದಿನ ಬೆಳಿಗ್ಗೆ ಬೇರೆ ಊರಿನ ರೇಷ್ಮಾ ಎಂಬುವಳು ಫೋನ್ ಮಾಡಿದಳು. ಅವಳು ಬಲೂನಿನ ಕೆಲಸಕ್ಕೆ ಹೊಸಬಳು. ಅವತ್ತೇ ಸಂಜೆ ಒಂದು ಮನೆಯ ನಾಮಕರಣಕ್ಕೆ ನವಿಲು ಮಾಡಿಕೊಡುತ್ತೇನೆಂದು ಒಪ್ಪಿಕೊಂಡಿದ್ದಳು. ಅದು ಅವಳಿಗೆ ಸಿಕ್ಕಿದ ಮೊದಲ ದೊಡ್ಡ ಕೆಲಸ. ನಾಲ್ಕು ದಿನದಿಂದ ವಿಡಿಯೊ ನೋಡಿ ಮಾಡುತ್ತಿದ್ದಳು, ಒಂದೂ ನಿಂತಿರಲಿಲ್ಲ.

“ಅಕ್ಕ, ಕತ್ತು ಕೂರುತ್ತಿಲ್ಲ. ಹೇಗೆಂದು ಹೇಳಿ” ಎಂದು ಅಳು ದನಿಯಲ್ಲಿ ಕೇಳಿದಳು.

ಹುಲಿಗೆಮ್ಮನಿಗೆ ಬಲೂನು ತಿರುಚಲು ಬರುತ್ತಿರಲಿಲ್ಲ. ಅವಳು ಎರಡು ಮಾತು ಹೇಳಿ ತಡವರಿಸಿದಳು. ಆಮೇಲೆ ಫೋನನ್ನು ಗಂಡನ ಕಡೆ ಚಾಚಿದಳು. ಅವನು ಕೈ ಅಡ್ಡ ಆಡಿಸಿದ. ಅವಳು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. “ಪಾಪ, ಸಂಜೆಗೆ ಬೇಕಂತೆ ಕಣ್ರೀ” ಎಂದಷ್ಟೇ ಹೇಳಿದಳು.

ಯಮನೂರಪ್ಪ ಫೋನ್ ತೆಗೆದುಕೊಂಡ. ರೇಷ್ಮಾ ತನ್ನ ಫೋನನ್ನು ಕೆಳಗಿಟ್ಟು ಬಲೂನು ಕೈಗೆತ್ತಿಕೊಂಡಿರುವುದು ಸದ್ದಿನಿಂದಲೇ ತಿಳಿಯಿತು.

“ಮೊ... ಮೊ... ಮೊದಲ ಗುಳ್ಳೆ ಸಣ್ಣದಿರಲಿ” ಎಂದ.

“ಹಾಂ, ಆಯಿತು ಅಣ್ಣ. ಮುಂದೆ?”

“ಅದನ್ನು ಬಿ... ಬಿ... ಬಿಗಿ ಹಿಡಿದುಕೊಂಡೇ, ಎರಡನೆಯದನ್ನು ಮ... ಮ...” ಮಾತು ಹೊರಡಲಿಲ್ಲ. ಅವನು ಕಣ್ಣು ಮುಚ್ಚಿದ. ಅತ್ತ ಬಲೂನು ಕಿರುಗುಟ್ಟುವುದು ಕೇಳುತ್ತಿತ್ತು. “...ಮಡಚಿ, ಎರಡನ್ನೂ ಸೇರಿಸಿ ತಿರುಚಮ್ಮ.”

“ತಿರುಚಿದೆ. ಕೂತಿತು! ಮುಂದೆ ಹೇಳಿ.”

ಹೀಗೆ ಒಂದೂಕಾಲು ಗಂಟೆ ನಡೆಯಿತು. ಹೊರಗಿನವರೊಂದಿಗೆ ಅವನು ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು. ಕೊನೆಯ ಗರಿ ಸಿಕ್ಕಿಸಿ ಅವಳು ಕೈ ಬಿಟ್ಟಳು. ಇದೂ ಬಿಚ್ಚಿಹೋಗುತ್ತದೇನೋ ಎಂದು ಅವನು ಫೋನನ್ನು ಕಿವಿಗೆ ಒತ್ತಿಕೊಂಡ.

“ನಿಂತಿದೆ ಅಣ್ಣ” ಎಂದಳು ರೇಷ್ಮಾ. “ನವಿಲು ನಿಂತಿದೆ.”

ಅವನು ಗೋಡೆಗೆ ಒರಗಿದ.

“ಆ ವಿಡಿಯೊದವರು ಕಾಯುವುದೇ ಇಲ್ಲ ಅಣ್ಣ” ಎಂದು ಅವಳೇ ಮುಂದುವರಿಸಿದಳು. “ನನ್ನ ಎರಡೂ ಕೈ ಬಲೂನಿನ ಮೇಲೆ ಇರುತ್ತವೆ. ಬಿಟ್ಟರೆ ತಿರುವು ಬಿಚ್ಚಿಕೊಳ್ಳುತ್ತದೆ. ಫೋನ್ ನಿಲ್ಲಿಸುವುದು ಹೇಗೆ? ಮೂಗಿನಿಂದ ಒತ್ತಿ ನೋಡಿದೆ. ವಿಡಿಯೊ ಮುಗಿಯುವ ಕಡೆಗೇ ಹಾರಿಹೋಯಿತು. ನೀವಾದರೆ ನನ್ನ ಕೈ ಮುಗಿಯುವವರೆಗೂ ಕಾದಿರಿ.”

ಯಮನೂರಪ್ಪ ಸುಳ್ಳು ಹೇಳುವವನಲ್ಲ. “ನಾನು ಕಾಯಲಿಲ್ಲಮ್ಮ. ಮಾ... ಮಾತು ಬರಲಿಲ್ಲ” ಎಂದ.

“ಏನಾದರೂ ಆಗಲಿ ಅಣ್ಣ. ನನಗೆ ಹೊತ್ತು ಸಿಕ್ಕಿತಲ್ಲ, ಅಷ್ಟು ಸಾಕು” ಎಂದು ಅವಳು ಫೋನ್ ಇಟ್ಟಳು. ನಾಮಕರಣಕ್ಕೆ ಹೊರಡುವ ಅವಸರದಲ್ಲಿದ್ದಳು.

ಯಮನೂರಪ್ಪ ಫೋನನ್ನು ಮೇಜಿನ ಮೇಲಿಟ್ಟ. ಆಮೇಲೆ ನಕ್ಕ. ಹುಲಿಗೆಮ್ಮ ಏನಾಯಿತೆಂದು ಕೇಳಿದರೆ, ಮೂಗು ಮುಟ್ಟಿ ತೋರಿಸಿ ಮತ್ತೂ ನಕ್ಕ.

ಮರುದಿನ ಮತ್ತೆ ಮೊಬೈಲನ್ನು ಕೋಲಿಗೆ ಕಟ್ಟಿದ. ಈ ಸಲ ತಾನೇ ಮಾತಾಡಿದ. ಎಲ್ಲಿ ಸಿಕ್ಕಿಕೊಂಡನೋ ಅಲ್ಲಿ ಅಳಿಸಲಿಲ್ಲ. ಮೊದಲ ವಿಡಿಯೊ ಇಪ್ಪತ್ತು ನಿಮಿಷದ್ದಿತ್ತು, ಇದು ಐವತ್ತು ನಿಮಿಷದ್ದಾಯಿತು. ಕೊಂಡ ಮೂವತ್ತು ಮಂದಿಗೂ ಹುಲಿಗೆಮ್ಮ ಅದನ್ನು ಕಳಿಸಿದಳು. ಅವನು ಮಾತ್ರ ಪರೀಕ್ಷೆ ಬರೆದು ಬಂದವನ ಹಾಗೆ ಒಳಗೂ ಹೊರಗೂ ಕುಂಟುತ್ತ ಓಡಾಡಿದ.

ಮಧ್ಯಾಹ್ನದ ಹೊತ್ತಿಗೆ ಮೊದಲ ನವಿಲಿನ ಫೋಟೊ ಬಂತು. ಹೊಟ್ಟೆ ದಪ್ಪ, ಕತ್ತು ಗಿಡ್ಡ, ಆದರೆ ನಿಂತಿತ್ತು. ಸಂಜೆಗೆ ಇನ್ನೆರಡು ಬಂದವು. ವಾರ ಕಳೆಯುವುದರೊಳಗೆ ಹಸಿರು, ನೀಲಿ, ಕೆಂಪು ನವಿಲುಗಳು ಹುಲಿಗೆಮ್ಮನ ಮೊಬೈಲನ್ನು ತುಂಬಿದವು. ಒಬ್ಬ ಮಾತ್ರ, ‘ಉಗ್ಗುವವನ ಕೈಯಲ್ಲಿ ಪಾಠ ಹೇಳಿಸಿದ್ದೀರಿ, ನನ್ನ ದುಡ್ಡು ವಾಪಸು ಕೊಡಿ’ ಎಂದು ಬರೆದ. ಯಮನೂರಪ್ಪ ಅದನ್ನು ಎರಡು ಸಲ ಓದಿದ. ನೋವಾಯಿತು. “ಕೊಟ್ಟು ಬಿ... ಬಿಡು” ಎಂದ. ಅವಳು ಕೊಟ್ಟಳು. ಅದರಿಂದ ಅವನ ಆ ದಿನದ ಊಟವೇನೂ ಕೆಡಲಿಲ್ಲ.

ವಿದ್ಯಾಧರನಿಗೆ ಹೇಗೆ ಹೇಳುವುದೆಂದು ಯಮನೂರಪ್ಪನಿಗೆ ಅಳುಕಿತ್ತು. ಅವನ ಉಪಕಾರವನ್ನು ತಳ್ಳಿಹಾಕಿದ ಹಾಗೆ ಆಗಬಾರದಿತ್ತು. ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ವಿದ್ಯಾಧರ ಬಿದ್ದು ಬಿದ್ದು ನಕ್ಕ.

“ಬದುಕಿದೆ ಮಾರಾಯ! ನನ್ನ ಮಗಳಿಗೆ ನವಿಲು ಮಾಡಿಕೊಡೋಣವೆಂದು ಅದೇ ವಿಡಿಯೊ ಹಾಕಿಕೊಂಡು ಕೂತಿದ್ದೆ. ನನ್ನ ಮಾತು ನನಗೇ ಸಿಗದೆ ಓಡಿಹೋಯಿತು. ಯಾರಿಗೆ ಹೇಳಲಿ? ನನ್ನ ಕೈಯೇ ಕೆಟ್ಟದ್ದು ಅಂದುಕೊಂಡು ಸುಮ್ಮನಿದ್ದೆ.”

ಇಬ್ಬರೂ ಚಹಾ ಕುಡಿದರು. ಯಮನೂರಪ್ಪನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಇಲ್ಲಿಗೆ ಗುರುಗಳು ಕತೆ ನಿಲ್ಲಿಸಿ ನೀರು ಕುಡಿದರು. ಕತೆ ಮುಗಿಯಿತೆಂದು ಶಿಷ್ಯ ಏಳಲು ಹೋದ. ಗುರುಗಳು ಮುಂದುವರಿಸಿದರು.

ಯಮನೂರಪ್ಪ ಆಮೇಲೆ ಗಿಣಿಯ ವಿಡಿಯೊ ಮಾಡಿದ, ಆನೆಯದು ಮಾಡಿದ. ಜನ ಕೊಂಡರು, ಕಲಿತರು. ಕೊಂಡವರು ಫೋನ್ ಮಾಡಿದರೆ ಅವನೇ ಮಾತಾಡುತ್ತಿದ್ದ. ಹಿತ್ತಲಿಗೆ ಓಡುವುದು ತಪ್ಪಿತು. ಹೆದರಿಕೆ ಹೋದ ಹಾಗೆ ತುಟಿಯೂ ಸಡಿಲಾಯಿತು. ಉಗ್ಗು ಪೂರ್ತಿ ಹೋಗಲಿಲ್ಲ, ಆದರೆ ದಿನದಿಂದ ದಿನಕ್ಕೆ ಕಡಿಮೆಯಾಯಿತು. ಒಂಟೆಯ ವಿಡಿಯೊ ಮಾಡಿದ ದಿನ ಅವನು ಹತ್ತು ಕಡೆಯೂ ಸಿಕ್ಕಿಕೊಳ್ಳಲಿಲ್ಲ. ಹುಲಿಗೆಮ್ಮನ ಕಣ್ಣಲ್ಲಿ ನೀರು ಬಂತು.

ಆದರೆ ಆ ಒಂಟೆ ಯಾರ ಕೈಯಲ್ಲಿಯೂ ನಿಲ್ಲಲಿಲ್ಲ. ಬೆನ್ನು ಬಿಚ್ಚಿಹೋಗುತ್ತದೆ ಎಂದು ಮೊದಲು ತಿಳಿಸಿದವಳು ರೇಷ್ಮಾಳೇ. “ಅಣ್ಣ, ನೀವೂ ಓಡಲು ಶುರುಮಾಡಿದಿರಿ” ಎಂದಳು.

ಅವನು ಆ ದಿನವೆಲ್ಲ ಯೋಚಿಸಿದ. ಬಂದ ಮಾತನ್ನು ಬೇಡವೆನ್ನುವುದು ಹೇಗೆ? ಬರದ ಉಗ್ಗನ್ನು ತಂದುಕೊಳ್ಳುವುದು ಹೇಗೆ? ಮರುದಿನ ಬೆಳಿಗ್ಗೆ ಅವನು ಮೊಬೈಲನ್ನು ಕೋಲಿಗೆ ಕಟ್ಟಿ, ಹುಲಿಗೆಮ್ಮನನ್ನು ಕರೆದು ಮೇಜಿನ ಆಚೆ ಕೂರಿಸಿದ. ಅವಳ ಕೈಗೆ ಒಂದು ಬಲೂನು ಕೊಟ್ಟ.

“ನನಗೆ ಇದು ಬರುವುದಿಲ್ಲವಲ್ಲ” ಎಂದಳು ಅವಳು.

“ಅದಕ್ಕೇ ಕೂರಿಸಿದ್ದು” ಎಂದ.

ಒಂದು ಮಾತು ಹೇಳುತ್ತಿದ್ದ, ಅವಳ ಕೈ ನೋಡುತ್ತಿದ್ದ. ಆ ಕೈ ಮುಗಿಸುವವರೆಗೆ ಮುಂದಿನ ಮಾತು ಹೇಳುತ್ತಿರಲಿಲ್ಲ. ಅವಳ ಬಲೂನು ಒಡೆದರೆ ಇನ್ನೊಂದು ಕೊಟ್ಟು ಹಿಂದಿನ ತಿರುವಿನಿಂದ ಹೇಳುತ್ತಿದ್ದ. ಸುಮ್ಮನಿರುವುದು ಅವನಿಗೆ ಚಿಕ್ಕಂದಿನಿಂದ ಬಂದದ್ದೇ. ಆದರೆ ಬೇಕೆಂದು ಸುಮ್ಮನಿರಲು ಅವನೂ ಕಲಿಯಬೇಕಾಯಿತು. ಮಧ್ಯಾಹ್ನ ಕಳೆಯಿತು. ಹುಲಿಗೆಮ್ಮನ ಮುಂದೆ ಡೊಂಕು ಕಾಲಿನ ಒಂದು ಒಂಟೆ ನಿಂತಿತು. ಅವಳು ಅದನ್ನು ಸುತ್ತ ತಿರುಗಿಸಿ ನೋಡಿ, “ಇದು ನಾನು ಮಾಡಿದ್ದೇ?” ಎಂದು ಕೇಳಿದಳು. ಅವನು ಹೌದೆಂದು ತಲೆಯಾಡಿಸಿದ. ಆ ವಿಡಿಯೊ ಕೊಂಡವರ ಒಂಟೆಗಳೂ ನಿಂತವು. ಅಲ್ಲಿಂದ ಮುಂದೆ ಅವನು ಯಾವ ಪಾಠವನ್ನೂ ಹೆಂಡತಿ ಎದುರಿಗಿಲ್ಲದೆ ಮಾಡಲಿಲ್ಲ.

ಗುರುಗಳು ಕತೆ ಮುಗಿಸಿದರು.

ಶಿಷ್ಯನ ಮುಖ ಗೆಲುವಾಯಿತು. ತನ್ನ ವಿದ್ಯೆಯಲ್ಲಿ ದೋಷವಿದೆಯೇನೋ ಎಂದು ಅವನು ಎಷ್ಟೋ ದಿನದಿಂದ ಒಳಗೇ ಕುದಿಯುತ್ತಿದ್ದ. ಇದು ತಿದ್ದಿಕೊಳ್ಳಬಹುದಾದ ತಪ್ಪು ಎಂದು ಅವನಿಗೆ ನೆಮ್ಮದಿಯಾಯಿತು.

“ತಿಳಿಯಿತು ಗುರುಗಳೇ. ನಾಳೆಯಿಂದ ನಾನೂ ಮಾತಿನ ನಡುವೆ ನಿಲ್ಲಿಸಿ ನಿಲ್ಲಿಸಿ ಪಾಠ ಹೇಳುತ್ತೇನೆ” ಎಂದ.

ಗುರುಗಳು ಕೇಳಿದರು: “ನಿನ್ನ ತರಗತಿಯಲ್ಲಿ ಕೊನೆಯ ಸಾಲಿನ ಮೂಲೆಯಲ್ಲಿ ಕೂರುವವನ ಹೆಸರೇನು?”