ಕಟ್ಟಿಟ್ಟ ಸಾಲು

ಶಿಷ್ಯ ಕೇಳಿದ: "ಗುರುಗಳೇ, ಜಾಲತಾಣಗಳಿಗೆ ಪುಟದ ಮಾದರಿ ಒದಗಿಸುವ ತಂತ್ರಾಂಶ ನನ್ನದು. ಪುಟ ಬೇಗ ತೆರೆಯಲೆಂದು, ಬದಲಾಗದ ಭಾಗಗಳನ್ನು ಒಮ್ಮೆ ಮಾತ್ರ ಸಿದ್ಧಮಾಡಿ ಇಟ್ಟುಕೊಂಡೆ. ಈಗ ಒಬ್ಬರ ಪುಟದಲ್ಲಿ ಇನ್ನೊಬ್ಬರ ವಿಳಾಸ ಕಾಣುತ್ತಿದೆ. ಬದಲಾಗುವ ಭಾಗವನ್ನೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದೆ. ಅಲ್ಲಿ ತಪ್ಪಿಲ್ಲ. ನಂಬಿ ಬಳಸಿದವರಿಗೆ ಏನು ಹೇಳಲಿ? ತಲೆ ಕೆಟ್ಟುಹೋಗಿದೆ."

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಮುದ್ರಕನಿದ್ದ. ಮದುವೆಯ ಪತ್ರಿಕೆಗಳಿಗೆ ಸೀಸದ ಅಚ್ಚುಮೊಳೆಗಳನ್ನು ಅಕ್ಷರ ಅಕ್ಷರವಾಗಿ ಜೋಡಿಸುತ್ತಿದ್ದ. ವಧು, ವರ, ಮುಹೂರ್ತ ಬೇರೆಯಾದರೂ ಕೊನೆಯ ಸಾಲು ಎಲ್ಲರದೂ ಒಂದೇ ಎಂದು ಅವನಿಗೆ ಹೊಳೆಯಿತು. ಆ ಸಾಲನ್ನು ಬಿಚ್ಚದೆ, ದಾರ ಸುತ್ತಿ ಇಟ್ಟುಕೊಂಡ. ಕೆಲಸ ಬೇಗ ಮುಗಿಯತೊಡಗಿತು. ತನ್ನ ಜಾಣತನಕ್ಕೆ ತಾನೇ ಬೀಗಿದ.

ಒಬ್ಬ ತಾಯಿ ಮಗಳ ಮದುವೆಗೆ ಪತ್ರಿಕೆ ಮಾಡಿಸಿದಳು. ಕರೆಯುವವರ ಜಾಗದಲ್ಲಿ ತನ್ನೊಬ್ಬಳ ಹೆಸರನ್ನೇ ಹಾಕಿಸಿದ್ದಳು. ಮರುದಿನ ಪತ್ರಿಕೆಯ ಕಟ್ಟನ್ನು ವಾಪಸು ತಂದಳು.

"ಇದನ್ನ ಹಂಚೋಕಾಗಲ್ಲ ಅಣ್ಣ. ನೀವೇ ಓದಿ ನೋಡಿ" ಎಂದಳು. ಕಟ್ಟನ್ನು ಅಲ್ಲೇ ಇಟ್ಟು ಹೊರಟುಬಿಟ್ಟಳು.

ಮುದ್ರಕ ನೋಡಿದ. ಹೆಸರು ಸರಿ, ಮುಹೂರ್ತ ಸರಿ, ಛತ್ರವೂ ಸರಿ. ಕೊನೆಯ ಸಾಲನ್ನು ಓದಲಿಲ್ಲ. ಅದು ಎಂದೂ ತಪ್ಪಿದ್ದಿಲ್ಲವಲ್ಲ. ಮೊಳೆ ಸವೆದಿರಬೇಕೆಂದು ಹೊಸ ಮೊಳೆ ತಂದ. ಮಸಿ ಬದಲಿಸಿದ. ಹೆಸರುಗಳನ್ನು ಕಿತ್ತು ಮತ್ತೆ ಜೋಡಿಸಿದ. ಪಾಪದ ಯಂತ್ರಕ್ಕೂ ನಾಲ್ಕು ಬೈಗುಳ ಬಿತ್ತು. ಕೊನೆಗೆ ಹೊಸ ಕಟ್ಟನ್ನು ಕಳಿಸಿಕೊಟ್ಟ.

ತಾಯಿ ಅದನ್ನೂ ಹೊತ್ತು ತಂದಳು. ಮದುವೆ ಹತ್ತಿರವಾಗಿತ್ತು. ಒಂದು ಮನೆಗೂ ಇನ್ನೂ ಕರೆ ಹೋಗಿರಲಿಲ್ಲ. ಮುದ್ರಕ ಕಕ್ಕಾಬಿಕ್ಕಿಯಾದ.

"ಎಲ್ಲಾ ಸರಿಯಾಗೇ ಇದೆಯಲ್ಲ ತಾಯಿ. ತಪ್ಪು ಎಲ್ಲಿದೆ?"

ಅವಳು ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. 'ನಾವು ದಂಪತಿಗಳು ಬಾಗಿಲಲ್ಲಿ ನಿಂತು ತಮ್ಮನ್ನು ಎದುರುಗೊಳ್ಳುತ್ತೇವೆ' ಎಂದು ಅಲ್ಲಿತ್ತು.

"ಅವರು ಹೋಗಿ ಎಷ್ಟೋ ವರ್ಷ ಆಯ್ತು. ನನ್ನ ಪಕ್ಕ ಯಾರನ್ನ ನಿಲ್ಲಿಸ್ಕೊಳ್ಳಲಿ ಅಣ್ಣ?" ಎಂದಳು.

ಮುದ್ರಕನಿಗೆ ಮುಖವೆತ್ತಿ ನೋಡಲು ನಾಚಿಕೆಯಾಯಿತು. ಅಲ್ಲೇ ಕುಳಿತು ಆ ಸಾಲನ್ನು ಬಿಚ್ಚಿದ.

ಕತೆ ಮುಗಿದರೂ ಶಿಷ್ಯನ ಗೊಂದಲ ಬಗೆಹರಿಯಲಿಲ್ಲ. "ಹಾಗಾದರೆ ಸಾಲನ್ನು ಕಟ್ಟಿಟ್ಟದ್ದೇ ತಪ್ಪೇ, ಗುರುಗಳೇ?" ಎಂದು ಕೇಳಿದ.

ಗುರುಗಳು ಹೇಳಿದರು: "ಜೋಡಿಸುವ ಶ್ರಮ ಉಳಿಸಿಕೊಂಡದ್ದು ಸರಿ, ಓದುವ ಶ್ರಮವನ್ನೂ ಉಳಿಸಿಕೋ ಎಂದು ಅವನಿಗೆ ಹೇಳಿದವರು ಯಾರು?"